ಪಾಕೆಟ್ ಹೋಲ್ ಜಿಗ್: ಮೊದಲ ಬೆಂಚು, ಮೊದಲ ಪುಸ್ತಕದ ಕಪಾಟು ಮಾಡುವವರಿಗೆ ಇದು ಬೇಕೇ?

ಹಲಗೆಗಳನ್ನು ಸ್ಕ್ರೂವಿನಿಂದ ಜೋಡಿಸಲು ಓರೆ ತೂತು ಕೊರೆಯುವಾಗ ದಾರಿ ತೋರಿಸುವ ಸಾಧನ ಪಾಕೆಟ್ ಹೋಲ್ ಜಿಗ್. ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು: ಬೇಕು. ಮನೆಯ ಪೀಠೋಪಕರಣವನ್ನು ಸ್ವಂತ ಕೈಯಿಂದ ಮಾಡಲು ಹೊರಟವರು ಡ್ರಿಲ್ ಮತ್ತು ಗರಗಸದ ನಂತರ ಕೊಳ್ಳಬೇಕಾದ ಮೊದಲ ಸಾಧನ ಇದೇ. ಆದರೆ ಅದರ ಜೊತೆಗೆ ಎರಡು ಒಳ್ಳೆಯ ಕ್ಲ್ಯಾಂಪ್ ಮತ್ತು ಒಂದು ನಂಬಿಕಸ್ಥ ಮೂಲೆಮಟ್ಟ ಇಲ್ಲದಿದ್ದರೆ ಜಿಗ್ ಪೆಟ್ಟಿಗೆಯಲ್ಲೇ ಇರಲಿ. ಜಿಗ್ ತೂತು ಕೊರೆಯುತ್ತದೆ, ಅಷ್ಟೇ. ಹಲಗೆಯನ್ನು ನೇರವಾಗಿ ಕತ್ತರಿಸುವುದು, ಬಿಗಿಯುವಾಗ ಅಲುಗದಂತೆ ಹಿಡಿಯುವುದು, ಮರ ಹಿಗ್ಗಿ ಕುಗ್ಗುವುದಕ್ಕೆ ಜಾಗ ಬಿಡುವುದು ಈ ಮೂರೂ ಮಾಡುವವರ ಕೈಯಲ್ಲೇ ಉಳಿಯುತ್ತವೆ. ಜಿಗ್ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರ ತಪ್ಪು.

ಸಾಧನದ ಕೆಲಸ ಸರಳ. ಒಂದು ಹಲಗೆಯ ತುದಿಯ ಹತ್ತಿರ, ಅದರ ಅಗಲ ಮುಖದಿಂದ ಸುಮಾರು 15 ಡಿಗ್ರಿ ಓರೆಯಲ್ಲಿ ತೂತು ಕೊರೆಯಲು ಉಕ್ಕಿನ ಕೊಳವೆ ದಾರಿ ತೋರಿಸುತ್ತದೆ. ಡ್ರಿಲ್ಲಿಗೆ ಸಿಕ್ಕಿಸಿ ಕೊರೆಯುವ ಕಡ್ಡಿ, ಅಂದರೆ ಬಿಟ್ಟು, ಮೆಟ್ಟಿಲಿನ ಆಕಾರದ್ದು: ಹಿಂಭಾಗ 9.5 ಮಿ.ಮೀ. ದಪ್ಪ, ಮುಂದಿನ ಮೂತಿ ಸಣ್ಣದು. ದಪ್ಪ ಭಾಗ ಸ್ಕ್ರೂವಿನ ತಲೆ ಕೂರಲು ಚಪ್ಪಟೆ ತಳದ ಗೂಡು, ಅಂದರೆ ಪಾಕೆಟ್, ಮಾಡುತ್ತದೆ, ಮೂತಿ ಸ್ಕ್ರೂವಿನ ಕಾಂಡಕ್ಕೆ ದಾರಿ ಬಿಡಿಸುತ್ತದೆ. ಆ ಹಲಗೆಯನ್ನು ಇನ್ನೊಂದಕ್ಕೆ ಒತ್ತಿ ಹಿಡಿದು ಸ್ಕ್ರೂ ಬಿಗಿದರೆ ಜೋಡಣೆ ಮುಗಿಯಿತು. ಸ್ಕ್ರೂವೇ ಕ್ಲ್ಯಾಂಪಿನ ಕೆಲಸವನ್ನೂ ಮಾಡುವುದರಿಂದ ಅಂಟು ಒಣಗುವವರೆಗೆ ಕಾಯುವ ಗೋಜಿಲ್ಲ. ಮುಂದಿನ ಜೋಡಣೆಗೆ ಕೂಡಲೇ ಹೋಗಬಹುದು. ಹೊಸಬರಿಗೆ ಇದರಷ್ಟು ದೊಡ್ಡ ಅನುಕೂಲ ಇನ್ನೊಂದಿಲ್ಲ. ಅಮೆರಿಕದ ಕ್ರೆಗ್ ಕಂಪನಿ ಈ ಸಾಧನವನ್ನು ಎಷ್ಟು ಜನಪ್ರಿಯ ಮಾಡಿದೆಯೆಂದರೆ, ಯಾವ ಕಂಪನಿಯದಾದರೂ ಅದನ್ನು ಕ್ರೆಗ್ ಜಿಗ್ ಎಂದೇ ಕರೆಯುವವರಿದ್ದಾರೆ. ಈಗ ಇದೇ ತತ್ವದ ಜಿಗ್‌ಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ.

ಅವನ್ನು ಮೂರು ಬಗೆಯಾಗಿ ನೋಡಬಹುದು. ಒಂದೇ ಕೊಳವೆಯ ಪುಟ್ಟ ಜಿಗ್, ಹಲಗೆಗೆ ಕ್ಲ್ಯಾಂಪಿನಿಂದ ಕಚ್ಚಿಸುವ ಎರಡು ಕೊಳವೆಯ ಜಿಗ್, ಮೇಜಿನ ಮೇಲೆ ಕೂರಿಸಿ ಹಿಡಿಕೆ ಎಳೆದರೆ ಹಲಗೆಯನ್ನು ತಾನೇ ಕಚ್ಚುವ ದೊಡ್ಡ ಜಿಗ್. ಮೊದಲನೆಯದನ್ನು ಹೀಗಳೆಯುವವರು ಬಹಳ, ಆದರೆ ಇಕ್ಕಟ್ಟಿನ ಜಾಗದಲ್ಲಿ, ಈಗಾಗಲೇ ಜೋಡಿಸಿದ ಕಪಾಟಿನ ಒಳಗೆ, ಒಂದು ತೂತು ಬೇಕಾದಾಗ ಅದೊಂದೇ ಒದಗುವುದು. ಎರಡನೆಯದು ಹೊಸಬರಿಗೆ ತಕ್ಕದ್ದು. ಮೂರನೆಯದು ವೇಗದ ಸಾಧನ. ಒಂದೇ ಅಳತೆಯ ಐವತ್ತು ತೂತು ಕೊರೆಯುವವರಿಗೆ ಅದರ ಬೆಲೆ ಹುಟ್ಟುತ್ತದೆ, ಒಂದು ಬೆಂಚು ಮಾಡುವವರಿಗೆ ಹುಟ್ಟುವುದಿಲ್ಲ. ಎರಡು ಮೀಟರ್ ಉದ್ದದ ಹಲಗೆಯನ್ನು ಎತ್ತಿ ಜಿಗ್‌ನಲ್ಲಿ ನೆಟ್ಟಗೆ ನಿಲ್ಲಿಸಬೇಕಾದ ಮಾದರಿಗಳೂ ಇವೆ. ಅಂಥದ್ದರಲ್ಲಿ ಒಬ್ಬರೇ ಕೆಲಸ ಮಾಡುವುದು ಕಷ್ಟ.

ಕೊಳ್ಳುವಾಗ ನೋಡಬೇಕಾದ್ದು ಮೈಯ ಬಣ್ಣವನ್ನಲ್ಲ, ಕೊಳವೆಯನ್ನು. ಮೈ ಪ್ಲಾಸ್ಟಿಕ್ಕಿನದಾದರೂ ತೊಂದರೆಯಿಲ್ಲ. ಕೊಳವೆ ಮಾತ್ರ ಹದಗೊಳಿಸಿದ ಉಕ್ಕಿನದೇ ಆಗಿರಬೇಕು. ಬಿಟ್ಟನ್ನು ಕೈಯಿಂದ ಕೊಳವೆಯೊಳಗೆ ಇಳಿಸಿ ಅಲುಗಾಡಿಸಿ. ನುಣುಪಾಗಿ ತಿರುಗಬೇಕು, ಅಕ್ಕಪಕ್ಕ ಕಣ್ಣಿಗೆ ಕಾಣುವಷ್ಟು ಅಲುಗಬಾರದು. ಕೊಳವೆ ಮೆತ್ತಗಿನ ಲೋಹದ್ದಾದರೆ ತಿರುಗುವ ಬಿಟ್ಟು ಅದನ್ನೇ ಕೆರೆಯುತ್ತದೆ, ದಿನ ಕಳೆದಂತೆ ತೂತು ಮೊಟ್ಟೆಯಾಕಾರಕ್ಕೆ ತಿರುಗಿ ಸ್ಕ್ರೂವಿನ ದಿಕ್ಕೇ ತಪ್ಪುತ್ತದೆ. ಮರದ ಹೊಟ್ಟು ಹೊರಬೀಳಲು ಕೊಳವೆಯ ಪಕ್ಕದಲ್ಲಿ ಕಿಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಹೊಟ್ಟು ಬಿಟ್ಟಿನ ಸುರುಳಿಯಲ್ಲೇ ಗಟ್ಟಿಯಾಗಿ ಬಿಟ್ಟು ಕಾಯುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ. 12ರಿಂದ 38 ಮಿ.ಮೀ. ದಪ್ಪದ ಹಲಗೆಗೆ ಹೊಂದಿಸಿಕೊಳ್ಳುವ ಗುರುತುಗಳಿದ್ದರೆ ಮನೆಯ ಬಹುತೇಕ ಕೆಲಸಕ್ಕೆ ಸಾಕು.

ಇನ್ನು ಹೊಸಬರು ಹೆಚ್ಚು ಎಡವುವ ಜಾಗ: ಕಾಲರ್. ಬಿಟ್ಟಿನ ಮೇಲೆ ಕೂತು ಅದು ಎಷ್ಟು ಆಳಕ್ಕೆ ಇಳಿಯಬೇಕೆಂದು ತಡೆಯುವ ಉಂಗುರ ಇದು. ಆರು ಮೂಲೆಯ ಕೀಲಿಯಿಂದ ಬಿಗಿಯುವ ಪುಟ್ಟ ಅಲೆನ್ ಸ್ಕ್ರೂ ಅದನ್ನು ಹಿಡಿದಿಟ್ಟಿರುತ್ತದೆ. ಸರಿಯಾಗಿ ಕೂರಿಸಿದಾಗ ಬಿಟ್ಟಿನ ಮೂತಿ ಹಲಗೆಯ ತುದಿಯನ್ನು ಸೀಳಿ ಹೊರಬರುವುದಿಲ್ಲ, 2-3 ಮಿ.ಮೀ. ಮುಂಚೆಯೇ ನಿಲ್ಲುತ್ತದೆ. ಉಳಿದ ಆ ತೆಳು ಮರವನ್ನು ಸ್ಕ್ರೂ ತಾನೇ ಚುಚ್ಚಿಕೊಂಡು ಹೋಗುತ್ತದೆ. ಕಾಲರ್ ಬಿಟ್ಟಿನ ಮೂತಿಯಿಂದ ದೂರ ಹೋದಷ್ಟೂ ತೂತು ಆಳ, ಆಳವಾದಷ್ಟೂ ಸ್ಕ್ರೂ ಎದುರಿನ ಹಲಗೆಯೊಳಗೆ ಹೆಚ್ಚು ನುಗ್ಗುತ್ತದೆ. ಜಿಗ್ ಮೈಮೇಲಿನ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ಅದೇ ದಪ್ಪದ ಒಂದು ಚೂರಿನಲ್ಲಿ ತೂತು ಕೊರೆದು, ಸ್ಕ್ರೂವನ್ನು ಇಳಿಸಿ ಬಿಗಿದು, ತುದಿಯಿಂದ ಎಷ್ಟು ಹೊರಗೆ ಚಾಚುತ್ತದೆ ಅಳೆಯಿರಿ. ಹಲಗೆಯ ದಪ್ಪದ ನಡುಮಧ್ಯದಿಂದ ಹೊರಬರಬೇಕು, ಸ್ಕ್ರೂವಿನ ಸುಮಾರು ಅರ್ಧ ಉದ್ದ ಆಚೆ ಇರಬೇಕು. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಕೊರೆದವರ ಕಪಾಟಿನ ಹೊರಮೈಯಲ್ಲಿ ಸ್ಕ್ರೂ ತುದಿಗಳು ಇಣುಕುತ್ತವೆ.

18 ಮಿ.ಮೀ. ಎಂದು ಮಾರುವ ಪ್ಲೈವುಡ್ ಅಳೆದರೆ ಹಲವು ಸಲ 17ರ ಆಸುಪಾಸಿನಲ್ಲಿರುತ್ತದೆ. ಜಿಗ್‌ನ ಗುರುತು 19 ಮಿ.ಮೀ. ಹಲಗೆಗೆ, 32 ಮಿ.ಮೀ. ಸ್ಕ್ರೂಗೆ ಹೊಂದಿಸಿದ್ದು. ಎರಡೂ ಸೇರಿದರೆ ತುದಿ ಇಣುಕುವುದು ಆಶ್ಚರ್ಯವಲ್ಲ. ಮದ್ದು ಎರಡು: ಕಾಲರನ್ನು ಮೂತಿಯ ಕಡೆಗೆ ಒಂದೆರಡು ಮಿ.ಮೀ. ಸರಿಸಿ ತೂತನ್ನು ಮೇಲಕ್ಕೆ ತನ್ನಿ, ಇಲ್ಲವೇ 25 ಮಿ.ಮೀ. ಸ್ಕ್ರೂ ಹಾಕಿ. ಮೊದಲನೆಯದೇ ಮೇಲು, ಸ್ಕ್ರೂ ಗಿಡ್ಡವಾದರೆ ಹಿಡಿತವೂ ಕಡಿಮೆ. ಸಾಮಾನ್ಯ ಲೆಕ್ಕ ಹೀಗಿದೆ: 12-13 ಮಿ.ಮೀ. ಹಲಗೆಗೆ 25 ಮಿ.ಮೀ. ಸ್ಕ್ರೂ, 19-20ಕ್ಕೆ 32, 38ಕ್ಕೆ 63-64. ಅಗ್ಗದ ಕಿಟ್‌ಗಳಲ್ಲಿ ಕಾಲರಿನ ಅಲೆನ್ ಸ್ಕ್ರೂ ಡ್ರಿಲ್ಲಿನ ಅದುರಾಟಕ್ಕೆ ಸಡಿಲವಾಗಿ ಕಾಲರ್ ಮೆಲ್ಲಗೆ ಹಿಂದೆ ಜಾರುತ್ತದೆ. ಹತ್ತನೇ ತೂತಿಗೆ ಸರಿಯಿದ್ದದ್ದು ಇಪ್ಪತ್ತನೆಯದಕ್ಕೆ ಹಲಗೆ ಸೀಳಿ ಹೊರಬರುತ್ತದೆ. ಕಾಲರಿನ ಹಿಂಭಾಗದ ಅಂಚಿಗೆ ತಾಗಿದಂತೆ ಬಿಟ್ಟಿನ ಮೇಲೆ ಶಾಯಿಯ ಗೆರೆ ಎಳೆದಿಡಿ. ಜಾರಿದರೆ ಗೆರೆ ಮರೆಯಾಗಿ ಕೂಡಲೇ ಗೊತ್ತಾಗುತ್ತದೆ.

ಸ್ಕ್ರೂ ವಿಚಾರದಲ್ಲಿ ಜಿಪುಣತನ ಸಲ್ಲದು. ಮನೆಯಲ್ಲಿ ಬಿದ್ದಿರುವ ಮಾಮೂಲಿ ಸ್ಕ್ರೂವಿನ ತಲೆ ಕೆಳಗೆ ಚೂಪಾಗುತ್ತ ಹೋಗುತ್ತದೆ. ಬಿಗಿದಂತೆ ಅದು ಬೆಣೆಯಾಗಿ ಗೂಡಿನ ಮರವನ್ನು ಸೀಳುತ್ತದೆ. ಇಲ್ಲಿ ಬೇಕಾದ್ದು ತಲೆಯ ಕೆಳಗೆ ಚಪ್ಪಟೆ ವಾಷರ್ ಇರುವ, ತುದಿಯಲ್ಲಿ ತಾನೇ ಕೊರೆದುಕೊಳ್ಳುವ ಕಚ್ಚಿರುವ ಸ್ಕ್ರೂ. ಪೈನ್‌ನಂಥ ಮೆದು ಮರಕ್ಕೂ ಪ್ಲೈವುಡ್ಡಿಗೂ ಒರಟು ಎಳೆ (ಸುರುಳಿಯ ಸುತ್ತುಗಳು ದೂರದೂರ ಇರುವಂಥದ್ದು), ತೇಗದಂಥ ಗಟ್ಟಿ ಮರಕ್ಕೆ ಸಣ್ಣ ಎಳೆ. ತಲೆಯಲ್ಲಿ ಚೌಕ ಗುಳಿ ಇರುವುದನ್ನೇ ಆರಿಸಿ, ಪ್ಲಸ್ ಆಕಾರದ್ದು ಓರೆಯಲ್ಲಿ ಬಿಗಿಯುವಾಗ ಜಾರಿ ಹಾಳಾಗುತ್ತದೆ. ಗಟ್ಟಿ ಮರದಲ್ಲಿ ಸ್ಕ್ರೂ ಕಿರುಗುಟ್ಟಿದರೆ ನಿಲ್ಲಿಸಿ, ಎಳೆಗೆ ಮೇಣ ಸವರಿ. ಸಾಬೂನು ಸವರುವ ಅಭ್ಯಾಸ ಕೆಲವರಲ್ಲಿದೆ. ಅದು ತೇವ ಎಳೆದು ಸ್ಕ್ರೂವಿಗೆ ತುಕ್ಕು ಹಿಡಿಸುತ್ತದೆ.

ಬಿಗಿಯುವಾಗ ಹಲಗೆ ಜಾರುವುದು ಎರಡನೇ ದೊಡ್ಡ ತಲೆನೋವು. ಕಾರಣ ಓರೆಯೇ. ಸ್ಕ್ರೂ ಎದುರಿನ ಮರವನ್ನು ಕಚ್ಚಿದಾಗ ನೇರಕ್ಕೆ ಎಳೆಯುವುದರ ಜೊತೆಗೆ ತನ್ನ ಓರೆಯ ದಿಕ್ಕಿಗೂ ತಳ್ಳುತ್ತದೆ. ಕೈಯಿಂದ ಎಷ್ಟೇ ಗಟ್ಟಿ ಹಿಡಿದರೂ ಅರ್ಧದಿಂದ ಒಂದು ಮಿ.ಮೀ. ಸರಿದೇ ಸರಿಯುತ್ತದೆ, ಬೆರಳಾಡಿಸಿದರೆ ಮೆಟ್ಟಿಲು ಸಿಗುತ್ತದೆ. ಎರಡು ಹಲಗೆ ಒಂದೇ ಮಟ್ಟದಲ್ಲಿ ಸೇರುವಲ್ಲಿ ಅಗಲ ಬಾಯಿಯ ಲಾಕಿಂಗ್ ಕ್ಲ್ಯಾಂಪನ್ನು ಸಂದಿಯ ಮೇಲೆಯೇ ಕಚ್ಚಿಸಿ, ಒಂದು ದವಡೆ ಎರಡೂ ಹಲಗೆಯ ಮೇಲೆ ಅರ್ಧರ್ಧ ಕೂರುವಂತೆ. ಹಲವು ಕಿಟ್‌ಗಳ ಜೊತೆ ಬರುವ ಕ್ಲ್ಯಾಂಪ್ ಇದಕ್ಕೆ ಸಾಕಾಗುವುದಿಲ್ಲ. ದವಡೆ ಕಿರಿದು, ಹಿಡಿತ ಸಡಿಲು. ಜಿಗ್‌ನಲ್ಲಿ ಉಳಿಸಿದ ಹಣವನ್ನು ಇಲ್ಲಿ ಹಾಕಿ. ಸಂದಿ ಪೂರ್ತಿ ಮುಚ್ಚಿದ ಮೇಲೇ ಸ್ಕ್ರೂ ಹಾಕಬೇಕು. ಎರಡು ಹಲಗೆಯ ನಡುವೆ ಕೂದಲೆಳೆಯ ಸಂದಿಯಿದ್ದಾಗ ಸ್ಕ್ರೂ ಎದುರಿನ ಮರಕ್ಕೆ ಹತ್ತಿದರೆ, ಎಷ್ಟು ತಿರುಗಿಸಿದರೂ ಆ ಸಂದಿ ಹಾಗೇ ಉಳಿಯುವುದುಂಟು. ಹಿಂದೆ ತಿರುಗಿಸಿ ತೆಗೆದು, ಒತ್ತಿ ಹಿಡಿದು ಮತ್ತೆ ಬಿಗಿಯಬೇಕು.

ಬಿಗಿತದ ಮಿತಿ ಹೊಂದಿಸುವ ಡ್ರಿಲ್ಲಿನ ಉಂಗುರವನ್ನು, ಅಂದರೆ ಕ್ಲಚ್ಚನ್ನು, ಕಡಿಮೆ ಅಂಕಿಯಿಂದ ಶುರುಮಾಡಿ. ಮೆದು ಮರದಲ್ಲಿ ಒಂದು ಸುತ್ತು ಹೆಚ್ಚು ತಿರುಗಿದರೂ ಎಳೆ ಕಿತ್ತು ಸ್ಕ್ರೂ ಸುಮ್ಮನೆ ತಿರುಗುತ್ತಿರುತ್ತದೆ. ಹಾಗಾದಾಗ ಎದುರಿನ ತೂತಿಗೆ ಅಂಟು ಸವರಿದ ಮರದ ಕಡ್ಡಿ ತುರುಕಿ, ಒಣಗಿಸಿ, ಮತ್ತೆ ಹಾಕಿ. ತೂತು ಕೊರೆಯುವಾಗ ಇದಕ್ಕೆ ತದ್ವಿರುದ್ಧ: ಪೂರ್ತಿ ವೇಗ, ಬಿಟ್ಟು ಮರಕ್ಕೆ ತಾಗುವ ಮುಂಚೆಯೇ ತಿರುಗುತ್ತಿರಬೇಕು. ನಿಂತ ಬಿಟ್ಟನ್ನು ಮರದ ಮೇಲಿಟ್ಟು ಗುಂಡಿ ಒತ್ತಿದರೆ ಪ್ಲೈವುಡ್ಡಿನ ಮೇಲ್ಪದರ ಚಕ್ಕೆ ಏಳುತ್ತದೆ, ಬಿಟ್ಟಿನ ಮೂತಿಯೂ ಮುರಿಯಬಹುದು. ಅರ್ಧ ಆಳಕ್ಕೆ ಒಮ್ಮೆ ಹೊರಗೆಳೆದು ಹೊಟ್ಟು ಬೀಳಿಸಿ. ಕಣ್ಣಿಗೆ ಕನ್ನಡಕ ಇರಲಿ, ಕೈಗವಸು ಬೇಡ. ಬಿಟ್ಟನ್ನು ಹಿಡಿದು ತಿರುಗುವ ಡ್ರಿಲ್ಲಿನ ಚಕ್‌ಗೆ ಅದರ ನೂಲು ಸಿಕ್ಕಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ಸಾಧನವನ್ನು ಕಾಗದದ ಮೇಲೆ ಅಳೆಯುವುದಕ್ಕಿಂತ ಒಂದು ಬೆಂಚಿನಲ್ಲಿ ನೋಡುವುದು ಸರಿ. 1000 ಮಿ.ಮೀ. ಉದ್ದ, 300 ಅಗಲ, 450 ಎತ್ತರದ ಬೆಂಚು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ಇಲ್ಲ. ಬೇಕಾದ ಭಾಗಗಳು:

ಕಾಲು: 45×45 ಮಿ.ಮೀ., 430 ಉದ್ದದ್ದು 4
ಉದ್ದ ಮೇಲ್ಪಟ್ಟಿ: 20×90, 850 ಉದ್ದದ್ದು 2
ಗಿಡ್ಡ ಮೇಲ್ಪಟ್ಟಿ: 20×90, 170 ಉದ್ದದ್ದು 2
ಗಿಡ್ಡ ಕೆಳಪಟ್ಟಿ: 20×60, 170 ಉದ್ದದ್ದು 2
ನಡುಪಟ್ಟಿ: 20×60, 890 ಉದ್ದದ್ದು 1
ಮೇಲ್ಹಲಗೆ: 20×100, 1000 ಉದ್ದದ್ದು 3

ಗರಗಸ ಪ್ರತಿ ಕಡಿತಕ್ಕೂ ಸುಮಾರು 3 ಮಿ.ಮೀ. ಮರ ತಿನ್ನುತ್ತದೆ, ಹಲಗೆಯ ತುದಿಗಳಲ್ಲಿ ಬಿರುಕಿದ್ದರೆ ಅದನ್ನೂ ಕಡಿದೊಗೆಯಬೇಕು. ಹಾಗಾಗಿ 45×45 ಪಟ್ಟಿ 2 ಮೀಟರ್, 20×90 ಹಲಗೆ 2.4 ಮೀಟರ್, 20×60 ಪಟ್ಟಿ 1.5 ಮೀಟರ್, 20×100 ಹಲಗೆ 3.2 ಮೀಟರ್ ತರುವುದು ಕ್ಷೇಮ. ಜೋಡಣೆಗೆ ಒರಟು ಎಳೆಯ 32 ಮಿ.ಮೀ. ಸ್ಕ್ರೂ 28. ಲೆಕ್ಕ ಸುಲಭ: ನಾಲ್ಕು ಮೇಲ್ಪಟ್ಟಿಯ ಎಂಟು ತುದಿಗೆ ಎರಡೆರಡರಂತೆ 16, ಕೆಳಪಟ್ಟಿಗಳಿಗೆ 8, ನಡುಪಟ್ಟಿಗೆ 4. ಕೆಲವು ಕಿಟ್‌ಗಳಲ್ಲಿ ಮಾದರಿಗೆಂದು ಕೊಡುವ ಸ್ಕ್ರೂ ಇಷ್ಟಕ್ಕೂ ಸಾಲುವುದಿಲ್ಲ.

ಕತ್ತರಿಸುವಾಗ 850 ಸರಿಯಾಗಿ 850 ಇರಲೇಬೇಕೆಂದಿಲ್ಲ. 848 ಆದರೂ ನಡೆಯುತ್ತದೆ, ಎರಡೂ 848 ಇರಬೇಕು, ಜೊತೆಗೆ ನಡುಪಟ್ಟಿಯನ್ನೂ ಅಷ್ಟೇ ಗಿಡ್ಡ ಮಾಡಬೇಕು. ತುದಿಗಳು ಮಾತ್ರ ಮೂಲೆಮಟ್ಟಕ್ಕೆ ಸರಿಯಾಗಿ ಲಂಬವಾಗಿರಲೇಬೇಕು. ಪಟ್ಟಿಯ ತುದಿ ಒಂದೇ ಡಿಗ್ರಿ ಓರೆಯಾದರೂ 430 ಮಿ.ಮೀ. ಕಾಲಿನ ಬುಡ ಏಳೂವರೆ ಮಿ.ಮೀ. ಆಚೀಚೆ ಸರಿಯುತ್ತದೆ, ನಾಲ್ಕು ಕಾಲೂ ನೆಲಕ್ಕೆ ತಾಗದ ಬೆಂಚಾಗುತ್ತದೆ. ಸ್ಕ್ರೂ ಎಳೆದಾಗ ಹಲಗೆ ತನ್ನ ತುದಿಯ ಕಡಿತಕ್ಕೆ ತಕ್ಕಂತೆಯೇ ಕೂರುತ್ತದೆ; ಜಿಗ್ ಓರೆಯನ್ನು ತಿದ್ದುವುದಿಲ್ಲ, ಗಟ್ಟಿಮಾಡಿ ಕೂರಿಸುತ್ತದೆ. ಕೈಗರಗಸದಲ್ಲಿ ಇಷ್ಟು ನಿಖರತೆ ಬರದವರು ಹಲಗೆಯನ್ನು ಮೀಟರ್ ಲೆಕ್ಕದಲ್ಲಿ ತರದೆ, ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುವಂತೆ ಕೇಳಿದರೆ ಅರ್ಧ ಕೆಲಸ ಗೆದ್ದಂತೆ.

ತೂತುಗಳು ಯಾವಾಗಲೂ ಪಟ್ಟಿಗಳಲ್ಲಿ, ಕಾಲಿನಲ್ಲಲ್ಲ. ಇದಕ್ಕೆ ಕಾರಣವಿದೆ. ಪಟ್ಟಿಯ ತುದಿಯಿಂದ ಹೊರಟ ಸ್ಕ್ರೂ ಕಾಲಿನ ಮಗ್ಗುಲನ್ನು ಹೊಕ್ಕು ಅಲ್ಲಿನ ಉದ್ದ ನಾರುಗಳನ್ನು ಅಡ್ಡಕ್ಕೆ ಕಚ್ಚುತ್ತದೆ, ಹಿಡಿತ ಬಲವಾಗಿರುತ್ತದೆ. ತಿರುವುಮುರುವು ಮಾಡಿದರೆ ಸ್ಕ್ರೂ ಕಡಿದ ತುದಿಯೊಳಗೆ, ನಾರಿನ ಜೊತೆಜೊತೆಗೇ ಇಳಿಯುತ್ತದೆ. ಅಂಥ ಹಿಡಿತ ಕೆಲವೇ ತಿಂಗಳಲ್ಲಿ ಸಡಿಲ. ಮೇಲ್ಪಟ್ಟಿಯ 90 ಮಿ.ಮೀ. ಅಗಲದಲ್ಲಿ ಮೇಲಂಚಿನಿಂದ 22 ಮತ್ತು 68ರಲ್ಲಿ ತೂತು ಬರಲಿ. ಕಾಲಿನ ತಲೆಗೆ ತೀರಾ ಹತ್ತಿರವಾದರೆ ಕಾಲು ಸೀಳುತ್ತದೆ.

ಮೇಲ್ಪಟ್ಟಿಯ ಹೊರಮುಖ ಕಾಲಿನ ಹೊರಮುಖಕ್ಕಿಂತ 5 ಮಿ.ಮೀ. ಒಳಗಿರಲಿ. ಇದು ಬರೀ ಅಂದಕ್ಕಲ್ಲ. ಎರಡೂ ಒಂದೇ ಮಟ್ಟಕ್ಕೆ ಬರಬೇಕೆಂದರೆ ಅರ್ಧ ಮಿ.ಮೀ. ಜಾರಿದರೂ ಎದ್ದು ಕಾಣುತ್ತದೆ, 5 ಮಿ.ಮೀ. ಒಳಗಿಟ್ಟರೆ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಮಾಡುವ ಬಗೆ: ಕಾಲನ್ನು ಹೊರಮುಖ ಕೆಳಗಾಗುವಂತೆ ಮೇಜಿನ ಮೇಲೆ ಮಲಗಿಸಿ, ಪಟ್ಟಿಯ ಕೆಳಗೆ 5 ಮಿ.ಮೀ. ದಪ್ಪದ ಪ್ಲೈವುಡ್ ಚೂರು ಇಟ್ಟು, ಎರಡನ್ನೂ ಮೇಜಿಗೇ ಕ್ಲ್ಯಾಂಪ್ ಮಾಡಿ ಬಿಗಿಯಿರಿ. ಪಟ್ಟಿಯನ್ನು ಕಾಲಿನ ಒಳಮುಖದ ಕಡೆಗೆ ಸರಿಸಬೇಡಿ. ಅಲ್ಲಿ ಉದ್ದ ಪಟ್ಟಿಯ ಸ್ಕ್ರೂ ಮತ್ತು ಗಿಡ್ಡ ಪಟ್ಟಿಯ ಸ್ಕ್ರೂ ಕಾಲಿನೊಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಎರಡನೆಯದು ಅರ್ಧಕ್ಕೇ ನಿಲ್ಲುತ್ತದೆ ಅಥವಾ ಮುರಿಯುತ್ತದೆ.

ಮೊದಲು ಎರಡು ಗಿಡ್ಡ ಬದಿಗಳನ್ನು ಕಟ್ಟಿಕೊಳ್ಳಿ: ಎರಡು ಕಾಲು, ಒಂದು ಗಿಡ್ಡ ಮೇಲ್ಪಟ್ಟಿ, ಬುಡದಿಂದ 100 ಮಿ.ಮೀ. ಮೇಲೆ ಒಂದು ಕೆಳಪಟ್ಟಿ, ಅದೂ 5 ಮಿ.ಮೀ. ಒಳಗೆ. ಇಲ್ಲೊಂದು ಇಕ್ಕಟ್ಟು ಎದುರಾಗುತ್ತದೆ, ಅದಕ್ಕೆ ಮೊದಲೇ ಸಿದ್ಧರಿರಿ. ಪಟ್ಟಿ 170 ಮಿ.ಮೀ. ಮಾತ್ರ ಇರುವುದರಿಂದ ಎರಡನೇ ಕಾಲಿನ ಸ್ಕ್ರೂ ಬಿಗಿಯುವಾಗ ಡ್ರಿಲ್ಲಿನ ಚಕ್ ಆಗಲೇ ಕೂತಿರುವ ಮೊದಲ ಕಾಲಿಗೆ ತಾಗುತ್ತದೆ. ಕಿಟ್‌ನೊಂದಿಗೆ ಬರುವ 150 ಮಿ.ಮೀ. ಉದ್ದದ, ಸ್ಕ್ರೂ ತಿರುಗಿಸುವ ಚೌಕ ಬಿಟ್ಟಿಗೂ ಜಾಗ ಸಾಲದು. ಎಕ್ಸ್‌ಟೆನ್ಷನ್ ಹಾಕಿ ಉದ್ದ ಮಾಡಿಕೊಳ್ಳಿ, ಅಥವಾ ಕೊನೆಯ ಸುತ್ತುಗಳನ್ನು ಕೈ ಸ್ಕ್ರೂಡ್ರೈವರಿನಿಂದ ಬಿಗಿಯಿರಿ. ಡ್ರಿಲ್ಲನ್ನು ಒತ್ತಾಯದಿಂದ ಓರೆ ಮಾಡಿದರೆ ಚೌಕ ಗುಳಿಯ ಮೂಲೆಗಳು ಸವೆಯುತ್ತವೆ.

ಆಮೇಲೆ ಉದ್ದ ಮೇಲ್ಪಟ್ಟಿಗಳು, ಕೊನೆಗೆ ನಡುಪಟ್ಟಿ. ನಡುಪಟ್ಟಿಯನ್ನು ಎರಡು ಕೆಳಪಟ್ಟಿಗಳ ನಡುವೆ ಚಪ್ಪಟೆಯಾಗಿ ಮಲಗಿಸಿ, ತೂತುಗಳು ನೆಲದ ಕಡೆಗಿರಲಿ. ಚೌಕಟ್ಟನ್ನು ತಲೆಕೆಳಗು ಮಾಡಿ ಬಿಗಿದರೆ ಕೈ ಆಡುತ್ತದೆ. ಪ್ರತಿ ಸಂದಿಗೂ ಬಿಗಿಯುವ ಮುಂಚೆ ಬಿಳಿ ಅಂಟು ಸವರಿ. ತುದಿಯ ಕಡಿತ ಅಂಟನ್ನು ಹೀರಿಕೊಳ್ಳುವುದರಿಂದ ಅದರಿಂದ ಸಿಗುವ ಬಲ ಕಡಿಮೆಯೇ, ಆದರೂ ಕೂತೆದ್ದಾಗಿನ ಅಲುಗಾಟದಲ್ಲಿ ಸಂದಿ ಕಿರುಗುಟ್ಟದಂತೆ ತಡೆಯುತ್ತದೆ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ. ಉಳಿದರೆ ಪಾಲಿಷ್ ಹಚ್ಚಿದಾಗ ಅಲ್ಲಿ ಮಾತ್ರ ಬಣ್ಣ ಹಿಡಿಯದೆ ಕಲೆ ಕಾಣುತ್ತದೆ.

ಮೇಲ್ಹಲಗೆಯ ವಿಷಯದಲ್ಲಿ ಅನೇಕ ವಿಡಿಯೊಗಳು ದಾರಿ ತಪ್ಪಿಸುತ್ತವೆ. ಮೂರು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಲು ಪಾಕೆಟ್ ಸ್ಕ್ರೂ ಬೇಕಿಲ್ಲ. ಅಂಚುಗಳು ನೇರವಿದ್ದರೆ ಅಂಟು ಮತ್ತು ಕ್ಲ್ಯಾಂಪ್ ಸಾಕು, ಆ ಸಂದಿ ಮರಕ್ಕಿಂತ ಗಟ್ಟಿಯಾಗುತ್ತದೆ. ಅಂಟು ಹಚ್ಚಿ ಒಂದು ಗಂಟೆ ಕ್ಲ್ಯಾಂಪಿನಲ್ಲಿಟ್ಟು, ಒಂದು ದಿನ ಬಿಟ್ಟು ಉಜ್ಜಿ. ಇನ್ನೂ ದೊಡ್ಡ ತಪ್ಪು ಮೇಲ್ಹಲಗೆಯನ್ನು ಮೇಲ್ಪಟ್ಟಿಗಳಿಗೆ ಸುತ್ತಲೂ ಪಾಕೆಟ್ ಸ್ಕ್ರೂವಿನಿಂದ ಬಿಗಿಯುವುದು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಬೆಳೆಯುವುದಿಲ್ಲ, ಅಗಲಕ್ಕೆ ಗಾಳಿಯ ತೇವದೊಂದಿಗೆ ಹಿಗ್ಗಿ ಕುಗ್ಗುತ್ತದೆ. ಪೈನ್‌ನಂಥ ಮರದಲ್ಲಿ ತೇವಾಂಶ ಶೇ. 4ರಷ್ಟು ಬದಲಾದರೆ 300 ಮಿ.ಮೀ. ಅಗಲದ ಹಲಗೆ ಸುಮಾರು 2-3 ಮಿ.ಮೀ. ಆಚೀಚೆ ಆಗುತ್ತದೆ. 800 ಅಗಲದ ಊಟದ ಮೇಜಾದರೆ 6ರಿಂದ 8 ಮಿ.ಮೀ. ಎಲ್ಲ ಕಡೆ ಗಟ್ಟಿ ಹಿಡಿದ ಹಲಗೆಗೆ ಕುಗ್ಗಲು ದಾರಿಯಿಲ್ಲದೆ ನಡುವೆ ಸೀಳು ಬಿಡುತ್ತದೆ, ಅದೂ ಅಂಟಿನ ಸಂದಿಯಲ್ಲಲ್ಲ, ಒಳ್ಳೆಯ ಮರದಲ್ಲಿ. ಉದ್ದುದ್ದ ತೂತಿರುವ ಎಲ್ ಆಕಾರದ ಲೋಹದ ಪಟ್ಟಿ ತಂದು, ತೂತಿನ ಉದ್ದ ಬೆಂಚಿನ ಅಗಲದ ದಿಕ್ಕಿಗೆ ಬರುವಂತೆ ಕೂರಿಸಿ. ಗಿಡ್ಡ ಪಟ್ಟಿಗಳ ನಡುಮಧ್ಯದಲ್ಲಿ ಒಂದೊಂದು ಸ್ಕ್ರೂ ಗಟ್ಟಿಯಾಗಿರಲಿ, ಉಳಿದವು ಜಾರುವಷ್ಟು ಸಡಿಲವಿರಲಿ. ಮೇಜಿನ ಎರಡು ತುದಿಗೆ ಅಡ್ಡ ಹಲಗೆಯನ್ನು ಪಾಕೆಟ್ ಸ್ಕ್ರೂವಿನಿಂದ ಕೂಡಿಸಿ ತೋರಿಸುವ ಮಾದರಿಗಳಿಗೂ ಇದೇ ಗತಿ. ಒಂದು ಋತು ಕಳೆಯುವಷ್ಟರಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ.

ಪ್ಲೈವುಡ್ಡಿನಲ್ಲಿ ಈ ತಾಪತ್ರಯವಿಲ್ಲ, ಅದಕ್ಕೇ ಪುಸ್ತಕದ ಕಪಾಟು ಈ ಜಿಗ್‌ಗೆ ಹೇಳಿ ಮಾಡಿಸಿದ ಎರಡನೇ ಕೆಲಸ. 18 ಮಿ.ಮೀ. ಪ್ಲೈವುಡ್ಡಿನಲ್ಲಿ 1200×280ರ ಎರಡು ಬದಿ, 764×280ರ ನಾಲ್ಕು ಅಡ್ಡಹಲಗೆ, ಹಿಂದೆ 6 ಮಿ.ಮೀ. ಪ್ಲೈವುಡ್ 1200×800. ಅಡ್ಡಹಲಗೆಯ ಪ್ರತಿ ತುದಿಗೆ ಮೂರು ತೂತು, ಅಂಚಿನಿಂದ 40, 140, 240ರಲ್ಲಿ, ಒಟ್ಟು 24. ತೂತು ಅಡ್ಡಹಲಗೆಯ ಅಡಿಯಲ್ಲಿರಲಿ, ಅತಿ ಮೇಲಿನದಕ್ಕೆ ಮಾತ್ರ ಅದರ ಮೇಲ್ಮುಖದಲ್ಲಿ. ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಹಲಗೆಯ ಅಡಿ ಕುಳಿತವರಿಗೆ ಕಾಣುತ್ತದೆ. ಅಲ್ಲಿ ಓರೆಯಾಗಿ ಕಡಿದ ಮರದ ಬಿರಡೆ ಅಂಟಿಸಿ ಉಜ್ಜಿಬಿಡಿ. ಬಿರಡೆ ಪೂರ್ತಿ ಮಾಯವಾಗುತ್ತದೆ ಎಂದು ಕಂಪನಿಗಳು ಹೇಳಿದರೂ ನಾರಿನ ದಿಕ್ಕು ಬೇರೆಯಾದ್ದರಿಂದ ಪಾಲಿಷ್ ಹಚ್ಚಿದಾಗ ಮೊಟ್ಟೆಯಾಕಾರದ ಗುರುತು ಕಂಡೇ ಕಾಣುತ್ತದೆ. ಬಣ್ಣ ಬಳಿಯುವುದಾದರೆ ತೊಂದರೆಯಿಲ್ಲ.

ಕಪಾಟಿನ ಬಲ ಸ್ಕ್ರೂಗಳಲ್ಲಿಲ್ಲ, ಹಿಂದಿನ ತೆಳು ಹಲಗೆಯಲ್ಲಿದೆ. ಅದಿಲ್ಲದಿದ್ದರೆ ಪಕ್ಕಕ್ಕೆ ತಳ್ಳಿದಾಗ ಇಡೀ ಕಪಾಟು ವಾಲುತ್ತದೆ, ಆ ಎಳೆತ ಪೂರ್ತಿ ಸ್ಕ್ರೂವಿನ ಮೇಲೆ ಬೀಳುತ್ತದೆ. ಅದನ್ನು ಹೊಡೆಯುವ ಮುಂಚೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ; ಎರಡೂ ಸಮವಾದರೆ ಕಪಾಟು ಲಂಬ. ಅಡ್ಡಹಲಗೆ ಜೋತುಬೀಳುವುದು ಮತ್ತೊಂದು ಮಾತು, ಅದಕ್ಕೂ ಜೋಡಣೆಗೂ ಸಂಬಂಧವಿಲ್ಲ. ಉದ್ದಕ್ಕೂ ಪುಸ್ತಕ ತುಂಬಿದಾಗ ಜೋಲುವ ಪ್ರಮಾಣ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ: 600 ಮಿ.ಮೀ. ಇದ್ದದ್ದನ್ನು 800 ಮಾಡಿದರೆ ಜೋಲು ಮೂರು ಪಟ್ಟಿಗಿಂತ ಹೆಚ್ಚು. 764ರ ಹಲಗೆಗೆ ಮುಂದಂಚಿನಲ್ಲಿ 20×40ರ ಮರದ ಪಟ್ಟಿಯನ್ನು ಅಗಲ ನೆಟ್ಟಗಿರುವಂತೆ ಅಂಟಿಸಿದರೆ ಪ್ಲೈವುಡ್ಡಿನ ಕಡಿತವೂ ಮುಚ್ಚುತ್ತದೆ, ಹಲಗೆಯೂ ನೆಟ್ಟಗಿರುತ್ತದೆ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯುವುದು ಮರೆಯಬಾರದು, ಮಕ್ಕಳಿರುವ ಮನೆಯಲ್ಲಂತೂ.

ಜಿಗ್ ಒಗ್ಗದ ಜಾಗಗಳೂ ಇವೆ. ಕುರ್ಚಿ ಮೊದಲನೆಯದು. ಹಿಂದಕ್ಕೆ ಒರಗಿದಾಗಲೆಲ್ಲ ಹಿಂಗಾಲು ಮತ್ತು ಸೀಟಿನ ಪಟ್ಟಿಯ ಸಂದಿ ಬಾಗುತ್ತದೆ, ಸ್ಕ್ರೂ ಮರವನ್ನು ಒಳಗೊಳಗೇ ಅರೆಯುತ್ತದೆ. ಅಲ್ಲಿ ಒಂದರಲ್ಲಿ ಚೌಕ ತೂತು ಕೊರೆದು ಇನ್ನೊಂದರ ನಾಲಗೆಯನ್ನು ಅಂಟಿನೊಂದಿಗೆ ಕೂರಿಸುವ ಹಳೆಯ ಜೋಡಣೆಯೇ ಬೇಕು. ಮಂಚದ ಉದ್ದ ಪಟ್ಟಿಗೆ ಬಿಚ್ಚಿ ಕಟ್ಟಲು ಬರುವ ಬೋಲ್ಟ್ ಹಾಕಿ. ಪಾಕೆಟ್ ಸ್ಕ್ರೂವನ್ನು ಪದೇ ಪದೇ ಬಿಚ್ಚಿ ಬಿಗಿದರೆ ಮೆದು ಮರದ ಎಳೆ ತೀರಿಹೋಗುತ್ತದೆ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಲ್ಲಿ ಅಂಚು ಉದುರುತ್ತದೆ. ಅದಕ್ಕೆ ದಪ್ಪ ಕಾಂಡದ, ಒರಟು ಎಳೆಯ 7×50 ಮಿ.ಮೀ. ಕನ್‌ಫರ್ಮ್ಯಾಟ್ ಸ್ಕ್ರೂ ಸರಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ನಡೆಯುತ್ತದೆ, ಆದರೆ ಅಂಚಿನೊಳಗೆ ಸ್ಕ್ರೂ ಹೋಗುವಂತಿದ್ದರೆ ಪದರ ಬಿಚ್ಚಿಕೊಳ್ಳುತ್ತದೆ. ಮುಖದ ಕಡೆಯಿಂದ ಹೊಗುವಂತೆ ಯೋಜನೆ ಬದಲಿಸಿ.

ಮರದ ಗೂಟದ ಜಿಗ್, ಅಂದರೆ ಡವೆಲ್ ಜಿಗ್, ಇದಕ್ಕೆ ಸಾಟಿಯೇ ಎಂದು ಕೇಳುವವರಿದ್ದಾರೆ. 20 ಮಿ.ಮೀ. ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಲು 8×40ರ ಗೂಟ, ಎರಡೂ ಅಂಚಿನಲ್ಲಿ 21 ಮಿ.ಮೀ. ಆಳದ ತೂತು; ಹೊರಗೆ ಒಂದು ಗುರುತೂ ಕಾಣದು, ಜೋಡಣೆಯೂ ಗಟ್ಟಿ. ಆದರೆ ಎದುರುಬದುರು ತೂತುಗಳು ಅರ್ಧ ಮಿ.ಮೀ. ತಪ್ಪಿದರೆ ಗೂಟ ಕೂರುವುದೇ ಇಲ್ಲ, ಅಂಟು ಹಚ್ಚಿದ ಮೇಲೆ ತಿದ್ದಲು ಸಮಯವೂ ಇರುವುದಿಲ್ಲ, ಒಣಗುವವರೆಗೆ ಉದ್ದುದ್ದ ಕ್ಲ್ಯಾಂಪ್ ಬೇಕು. ಪಾಕೆಟ್ ತೂತು ಒಂದೇ ಹಲಗೆಯಲ್ಲಿ ಕೊರೆಯುವಂಥದ್ದು; ಎರಡು ಮಿ.ಮೀ. ತಪ್ಪಿದರೂ ಜೋಡಣೆ ಕೂರುತ್ತದೆ, ತಪ್ಪಾದರೆ ಬಿಚ್ಚಬಹುದು. ಎದ್ದು ಕಾಣುವ ಕೆಲಸಕ್ಕೆ ಗೂಟ, ಮರೆಯಲ್ಲಿರುವ ಜೋಡಣೆಗೆ ಪಾಕೆಟ್ ಎಂದು ಎರಡನ್ನೂ ಒಂದೇ ಪೀಠೋಪಕರಣದಲ್ಲಿ ಬಳಸುವುದೂ ಉಂಟು.

ಕೊನೆಯದಾಗಿ ಬಿಟ್ಟಿನ ಆಯುಸ್ಸು. ಜಿಗ್ ವರ್ಷಗಟ್ಟಲೆ ಬಾಳುತ್ತದೆ, ಬಿಟ್ಟು ಬಾಳುವುದಿಲ್ಲ. ಪ್ಲೈವುಡ್ಡಿನ ಅಂಟು ಅದನ್ನು ಬೇಗ ಮೊಂಡಾಗಿಸುತ್ತದೆ. ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಹೊಟ್ಟು ಪುಡಿಯಾಗಿ ಬೀಳತೊಡಗಿದರೆ, ತೂತಿನ ಬಾಯಿ ಕಂದಾದರೆ, ಬಿಟ್ಟು ಬದಲಿಸುವ ಹೊತ್ತಾಯಿತು. ಅದೇ ಕಂಪನಿಯ ಬಿಡಿ ಬಿಟ್ಟು ಪ್ರತ್ಯೇಕವಾಗಿ ಸಿಗುತ್ತದೆಯೇ ಎಂದು ಜಿಗ್ ಕೊಳ್ಳುವ ಮುಂಚೆಯೇ ವಿಚಾರಿಸಿ. ಕೆಲವು ಕಿಟ್‌ಗಳ ಕೊಳವೆ 9.5ರ ಬದಲು 9 ಅಥವಾ 10 ಮಿ.ಮೀ. ಇರುತ್ತದೆ, ಅವಕ್ಕೆ ಸಾಮಾನ್ಯವಾಗಿ ಸಿಗುವ 9.5ರ ಬಿಟ್ಟು ಹೊಂದುವುದಿಲ್ಲ.